ಹ್ಯಾಂಡ್ಸ್‌ವರ್ತ್‌ನ ಇಪ್ಪತ್ತು ವರ್ಷ



ಸಂಸ್ಕೃತಿಯ ಕಣ್ಣಿಗೆ ಅಪರಾಧ ಹೇಗೆ ಕಾಣುತ್ತದೆ ಎಂದು ತಿಳಿಯಲು ನಮ್ಮ ಬರ್ಮಿಂಗ್‌ಹ್ಯಾಮಿನ ಹ್ಯಾಂಡ್ಸ್‌ವರ್ತ್ ಒಂದೇ ಸಾಕು. 1972ರ ನವೆಂಬರಿನ ಒಂದು ರಾತ್ರಿ, ಮನೆಗೆ ನಡೆದು ಹೋಗುತ್ತಿದ್ದ ಐರಿಷ್ ಕೂಲಿಕಾರನೊಬ್ಬನನ್ನು ಮೂವರು ಹುಡುಗರು ಹೊಡೆದು ಕೆಡವಿದರು. ಸಿಕ್ಕಿದ್ದು 30 ಪೆನ್ಸ್, ಕೀಲಿಕೈ, ಐದು ಸಿಗರೇಟು. ಹೋದವರು ಮತ್ತೆ ಬಂದು ಹೊಡೆದರು. ಇದು ಘೋರ ಕೃತ್ಯ, ಅದರಲ್ಲಿ ಎರಡು ಮಾತಿಲ್ಲ. 1973ರ ಮಾರ್ಚಿನಲ್ಲಿ ಶಿಕ್ಷೆಯಾಯಿತು: ಹದಿನಾರರ ಹುಡುಗನಿಗೆ 20 ವರ್ಷ, ಉಳಿದಿಬ್ಬರಿಗೆ ಹತ್ತು ಹತ್ತು ವರ್ಷ.

ಬೀದಿ ಸುಲಿಗೆ ಈ ನಾಡಿಗೆ ಹೊಸದಲ್ಲ. 1862ರಲ್ಲಿ ಲಂಡನ್ನಿನವರು ಕುತ್ತಿಗೆ ಹಿಸುಕಿ ದೋಚುವವರಿಗೆ ಹೆದರಿದರು, ಮರುವರ್ಷವೇ ಚಾಟಿಯೇಟಿನ ಕಾಯ್ದೆ ಬಂತು. 1972ರ ಪತ್ರಿಕೆಗಳು ಅದೇ ಹಳೆಯ ಸುಲಿಗೆಗೆ ಅಮೆರಿಕದಿಂದ ‘ಮಗ್ಗಿಂಗ್’ ಎಂಬ ಹೆಸರು ತಂದವು. ಅದರ ಬೆನ್ನಿಗೆ ಕಪ್ಪು ಹುಡುಗನ ಮುಖವೂ ಬಂತು. ಆ ಮೂವರು ಒಂದೇ ಮೂಲದವರಾಗಿರಲಿಲ್ಲ ಎಂಬುದು ಯಾರಿಗೂ ಬೇಕಾಗಲಿಲ್ಲ. ಇಲ್ಲಿನ ವಿಶ್ವವಿದ್ಯಾಲಯದ ಸ್ಟುವರ್ಟ್ ಹಾಲ್ ಮತ್ತು ನಾಲ್ವರು ಸಂಗಡಿಗರು 1978ರ ‘ಪೊಲೀಸಿಂಗ್ ದ ಕ್ರೈಸಿಸ್’ ಗ್ರಂಥದಲ್ಲಿ ಇದನ್ನೆಲ್ಲ ಎಳೆ ಎಳೆಯಾಗಿ ಬಿಡಿಸಿದರು.

ಅದನ್ನು ಓದುವಾಗ ನನಗೆ ಮೈಸೂರಿನ ನಮ್ಮ ಮೇಷ್ಟ್ರು ನೆನಪಾದರು. ಬ್ರಿಟಿಷರು 1871ರಲ್ಲಿ ತಂದ ಅಪರಾಧಿ ಬುಡಕಟ್ಟುಗಳ ಕಾಯ್ದೆಯ ಪಾಠ ಮಾಡುವಾಗ ಅವರು, “ತೊಟ್ಟಿಲಲ್ಲಿರುವ ಕೊರಚರ ಕೂಸು ಯಾರ ಮನೆ ಕದ್ದಿತಪ್ಪಾ?” ಎಂದು ಕೇಳಿ ಸುಮ್ಮನಾಗುತ್ತಿದ್ದರು. ಕಾಯ್ದೆ 1952ರಲ್ಲಿ ಹೋಯಿತು. ಕಳವಾದಾಗ ಊರಿನವರು ಬೆರಳು ತೋರುವ ಕೇರಿ ಬದಲಾಗಲಿಲ್ಲ.

ಹಾಲ್ ಅವರ ವಾದಕ್ಕೆ ತಕರಾರೂ ಇದೆ. ಬೀದಿಯಲ್ಲಿ ಏಟು ತಿನ್ನುವವರೂ ಬಡವರೇ, ಅವರ ಭಯ ಪತ್ರಿಕೆಗಳು ಹುಟ್ಟಿಸಿದ್ದಲ್ಲ ಎಂದು ಜಾನ್ ಲೀ ಮತ್ತು ಜಾಕ್ ಯಂಗ್ 1984ರಲ್ಲಿ ಬರೆದರು. ಈ ಮಾತನ್ನು ತಳ್ಳಿಹಾಕಲು ನನ್ನಿಂದ ಆಗಿಲ್ಲ. ಆದರೂ ಆ 20 ವರ್ಷದಲ್ಲಿ ಹುಡುಗ ಮಾಡಿದ ತಪ್ಪಿಗೆ ಎಷ್ಟು, ಊರಿನ ಭಯಕ್ಕೆ ಎಷ್ಟು? ಅಂದು ಹ್ಯಾಂಡ್ಸ್‌ವರ್ತ್‌ನಲ್ಲಿ ಬಿದ್ದವನು ನನ್ನ ಒಡಹುಟ್ಟಿದವನೇ ಆಗಿದ್ದರೆ, ಶಿಕ್ಷೆ ಹೆಚ್ಚಾಯಿತೆಂದು ಹೋರಾಡಿದವರ ಜೊತೆ ನಾನು ನಿಲ್ಲುತ್ತಿದ್ದೆನೇ?

ಆ ಗ್ರಂಥದಲ್ಲಿ, ಜನ ಪತ್ರಿಕೆಗಳಿಗೆ ಬರೆದ ಕಾಗದಗಳ ಮೇಲೆ ಒಂದು ಅಧ್ಯಾಯವಿದೆ. ಮುಂದಿನ ಸಭೆಗೆ ದಯವಿಟ್ಟು ಅದೊಂದನ್ನಾದರೂ ಓದಿಕೊಂಡು ಬನ್ನಿ. ನಿಮ್ಮ ಉತ್ತರ ನನಗೆ ಬೇಕು.