ಬಚ್ಚಲು ಒಲೆಗೆ ಹಾಲಿನ ತೊಟ್ಟೆ ಬೇಡ
(ಮೂಡುಬಿದಿರೆ ವಲಯದ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ನೀಡಿದ ಮಾಹಿತಿ)



ಮೂಡುಬಿದಿರೆ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಕಪ್ಪು ಹೊಗೆ ಬಿಟ್ಟು ಹೊರಟರೆ ನಾವು ತಕ್ಷಣ ಸೆರಗು ಮೂಗಿಗೆ ಹಿಡಿಯುತ್ತೇವೆ. "ಪೇಟೆಯ ಗಾಳಿ ಸರಿಯಿಲ್ಲ, ನಮ್ಮ ಮನೆ ಹತ್ತಿರ ಒಳ್ಳೆ ಗಾಳಿ ಉಂಟು" ಎನ್ನುತ್ತೇವೆ. ಮಾತು ಪೂರ್ತಿ ಸುಳ್ಳಲ್ಲ. ಮಳೆ ಮತ್ತು ಕಡಲ ಗಾಳಿ ನಮ್ಮ ಜಿಲ್ಲೆಗೆ ದೇವರು ಕೊಟ್ಟ ವರ. ಆದರೆ ಬೆಳಿಗ್ಗೆ ನಮ್ಮದೇ ಮನೆಯ ಹಿಂದೆ ಏಳುವ ಹೊಗೆಗೆ ಯಾರು ಸೆರಗು ಹಿಡಿಯುತ್ತಾರೆ?

ಒಮ್ಮೆ ಮನೆ ಭೇಟಿಗೆ ಹೋಗಿದ್ದೆ. ಆ ಮನೆಯ ಅಜ್ಜಿ ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬಿಟ್ಟು ಕುಳಿತುಕೊಳ್ಳಬೇಕು. ಅದು ಸಿ.ಓ.ಪಿ.ಡಿ., ಅಂದರೆ ಶ್ವಾಸಕೋಶದೊಳಗೆ ಗಾಳಿಯ ದಾರಿ ಕಿರಿದಾಗುವ ಕಾಯಿಲೆ ಎಂದು ಡಾಕ್ಟರು ಹೇಳಿದ್ದರಂತೆ. "ನಾನು ಬೀಡಿ ಕಟ್ಟಿದವಳು ಸಿಸ್ಟರ್, ಒಂದು ದಿನವೂ ಸೇದಿದವಳಲ್ಲ" ಎಂದರು. 40 ವರ್ಷ ಒಲೆ ಊದಿದ್ದನ್ನು ಅವರು ಲೆಕ್ಕಕ್ಕೆ ಹಿಡಿದಿರಲಿಲ್ಲ. ನಾವು ಮಾತಾಡುತ್ತಿದ್ದಂತೆಯೇ ಸೊಸೆ ಹಾಲಿನ ತೊಟ್ಟೆಗೆ ಬೆಂಕಿ ಹಚ್ಚಿ ಬಚ್ಚಲು ಒಲೆಗೆ ಹಾಕಿದಳು. ಮೊಮ್ಮಗು ಒಲೆಯ ಪಕ್ಕ ಬೆಚ್ಚಗೆ ಕುಳಿತಿತ್ತು.

ಹೊಗೆಯಲ್ಲಿ ಕಾಣುವ ಮಸಿಗಿಂತ ಕಾಣದ ಕಣ ಹೆಚ್ಚು ಅಪಾಯ. ಪಿ.ಎಂ. 2.5 ಎಂಬ ಈ ಕಣ ತಲೆಗೂದಲಿನ ದಪ್ಪದ ಸುಮಾರು 30ರಲ್ಲಿ ಒಂದು ಪಾಲು. ಸೆರಗಿಗೆ ಇದು ನಿಲ್ಲುವುದಿಲ್ಲ. ಶ್ವಾಸಕೋಶದ ಆಳಕ್ಕಿಳಿದು ರಕ್ತಕ್ಕೂ ಸೇರುತ್ತದೆ. ಕೆಮ್ಮು, ದಮ್ಮು ಮಾತ್ರವಲ್ಲ, ಹೃದಯಾಘಾತ, ಪಾರ್ಶ್ವವಾಯು, ಮಕ್ಕಳಿಗೆ ನ್ಯುಮೋನಿಯಾ, ಕಡಿಮೆ ತೂಕದ ಮಗು ಹುಟ್ಟುವುದು, ಇವಕ್ಕೂ ಹೊಗೆ ಕಾರಣವಾಗುತ್ತದೆ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಪ್ಲಾಸ್ಟಿಕ್ ಉರಿಸಿದರೆ ಇದಕ್ಕೆ ಬೇರೆ ವಿಷಗಳೂ ಸೇರುತ್ತವೆ. ಪಿ.ವಿ.ಸಿ. ಪೈಪಿನ ತುಂಡು ಉರಿದರೆ ಬರುವ ಡಯಾಕ್ಸಿನ್ ಕ್ಯಾನ್ಸರ್ ತರುವಂಥದ್ದು.

2023ರ ಮಾರ್ಚ್‌ನಲ್ಲಿ ಕೊಚ್ಚಿಯ ಬ್ರಹ್ಮಪುರದಲ್ಲಿ ಕಸದ ರಾಶಿಗೆ ಬೆಂಕಿ ಬಿದ್ದು, ಹತ್ತು ದಿನ ಕಳೆದರೂ ಹೊಗೆ ಆರಲಿಲ್ಲ. ಇಡೀ ಪೇಟೆ ಕಷ್ಟಪಟ್ಟಿತು. ನಾವು ಸುಡುವುದು ಹಿಡಿಯಷ್ಟೇ ಇರಬಹುದು. ಆದರೆ ದಿನಾ ಸುಡುತ್ತೇವೆ, ಮಕ್ಕಳ ಮೂಗಿನ ಹತ್ತಿರವೇ ಸುಡುತ್ತೇವೆ.

"ಕಸದ ಗಾಡಿ ನಮ್ಮ ಕಡೆ ಬರುವುದಿಲ್ಲ ಸಿಸ್ಟರ್, ಮತ್ತೆ ಎಂತ ಮಾಡುವುದು?" ಎಂದು ಕಳೆದ ಸಭೆಯಲ್ಲಿ ಒಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ತೊಟ್ಟೆಗಳನ್ನು ತೊಳೆದು, ಒಣಗಿಸಿ, ಗೋಣಿಯಲ್ಲಿ ತುಂಬಿಸಿಡಿ. ಗಾಡಿ ಬರಬೇಕೆಂದು ಸಂಘದಲ್ಲಿ ನಿರ್ಣಯ ಬರೆದು ಪುರಸಭೆಗೋ ಪಂಚಾಯತಿಗೋ ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ. ಒಬ್ಬಳು ಹೋದರೆ ಕೇಳುವವರಿಲ್ಲ. 20 ಸಹಿ ಇದ್ದರೆ ಮಾತಿಗೆ ತೂಕ ಬರುತ್ತದೆ.

ಬಚ್ಚಲು ಒಲೆ ನಾಳೆಯೇ ಬಿಡಿ ಎಂದು ನಾನು ಹೇಳುವುದಿಲ್ಲ. ಗ್ಯಾಸಿನ ಖರ್ಚು ನನಗೂ ಗೊತ್ತು. ಒಣ ಕಟ್ಟಿಗೆ, ಗೆರಟೆ, ಮಡಲು ಸಾಕು. ಕಿಟಕಿ ತೆರೆದಿಡಿ, ಮಕ್ಕಳನ್ನೂ ಗರ್ಭಿಣಿಯರನ್ನೂ ದೂರ ಕೂರಿಸಿ. ಮದುವೆಗೆ, ಮನೆ ರಿಪೇರಿಗೆ ಸಂಘದಿಂದ ಸಾಲ ಕೇಳುತ್ತೇವೆ. ಹೊಗೆಕೊಳವೆಗೆ ಇದುವರೆಗೆ ಒಬ್ಬರೂ ಕೇಳಿಲ್ಲ, ಕೇಳಿ! ಬೀಡಿ ಕಟ್ಟುವವರು ಹೊಗೆಸೊಪ್ಪಿನ ಧೂಳು ಒಳಗೆ ತುಂಬದಂತೆ ಜಗಲಿಯಲ್ಲಿ ಕುಳಿತುಕೊಳ್ಳಿ. ಎರಡು ವಾರಕ್ಕಿಂತ ಹೆಚ್ಚು ಕೆಮ್ಮಿದ್ದರೆ ಕಷಾಯ ಕುಡಿದು ಕಾಯಬೇಡಿ, ಆರೋಗ್ಯ ಕೇಂದ್ರಕ್ಕೆ ಹೋಗಿ.

ಅಡುಗೆಯ ಹೊಗೆ ಬಡವರ ಆರೋಗ್ಯ ಕೆಡಿಸುತ್ತದೆ ಎಂದು 2015ರಲ್ಲಿ ಅಂದಿನ ಪೋಪ್ ಫ್ರಾನ್ಸಿಸ್ ಅವರು 'ಲಾವ್ದಾತೊ ಸಿ' ವಿಶ್ವಪತ್ರದಲ್ಲಿ ಬರೆದಿದ್ದರು. ಹೊಗೆಗೆ ಜಾತಿ, ಧರ್ಮ ಗೊತ್ತಿಲ್ಲ. ಬೇಲಿ ದಾಟಿ ಪಕ್ಕದ ಮನೆಗೂ ಹೋಗುತ್ತದೆ.

ಅಜ್ಜಿ ಕುಡಿದ ಹೊಗೆಯನ್ನು ಹೊರಗೆ ತೆಗೆಯಲು ನಮ್ಮಿಂದಾಗದು. ಮೊಮ್ಮಗುವಿನ ಪಾಲಿನದ್ದನ್ನು ತಡೆಯಬಹುದು. ಮುಂದಿನ ತಿಂಗಳ ಸಭೆಗೆ ಉಳಿತಾಯದ ಪುಸ್ತಕದ ಜೊತೆ ನೀವು ಸುಡದೆ ಉಳಿಸಿದ ತೊಟ್ಟೆಗಳನ್ನೂ ತನ್ನಿ. ಅದೂ ಒಂದು ಉಳಿತಾಯವೇ.

ದೇವರು ನಿಮ್ಮೆಲ್ಲರಿಗೂ ಒಳ್ಳೆಯದು ಮಾಡಲಿ.