ವಸ್ತಿ ಬಸ್ಸು ಮತ್ತು ದವಾಖಾನೆಯ ದಾರಿ

(ಪರಿಸರ ಶಿಬಿರದಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಮಣ್ಣು, ಬೆಳೆಗಳ ಬಗ್ಗೆ ಮಾತನಾಡಬೇಕಾದ ಕೃಷಿ ವಿಜ್ಞಾನಿಯೊಬ್ಬ ಆಸ್ಪತ್ರೆಯ ದಾರಿಯ ಕುರಿತು ಮಾತನಾಡಲು ನಿಂತಿರುವುದು ತಮಗೆ ವಿಚಿತ್ರವೆನಿಸಬಹುದು. ಅದರಲ್ಲೂ ಮಲೆನಾಡಿನ ಈ ಸಭೆಯಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳೆಂಬ ಬಯಲುಸೀಮೆಯ ಊರುಗಳ ಹೆಸರೆತ್ತುತ್ತಿದ್ದೇನೆ. ಹಿಂಗಾರಿ ಜೋಳದ ಕೆಲಸದ ನಿಮಿತ್ತ ಆ ಭಾಗದ ಹಳ್ಳಿಗಳಲ್ಲಿ ಅಲೆದಾಡಿದ ದಿನಗಳಲ್ಲಿ ನನ್ನ ಬಳಿ ಸ್ವಂತ ವಾಹನವಿರಲಿಲ್ಲ. ಬಸ್ಸು, ಟಂಟಂಗಳಲ್ಲಿ ರೋಗಿಗಳ ಪಕ್ಕದಲ್ಲಿ ಕುಳಿತು ತಿಳಿದುಕೊಂಡದ್ದನ್ನು ಇಂದು ತಮ್ಮ ಮುಂದಿಡುತ್ತೇನೆ.

ನಮ್ಮ ಕಡೆ ಆಸ್ಪತ್ರೆ ದೂರವಾಗಿರುವುದಕ್ಕೆ ಘಟ್ಟ, ಹೊಳೆ, ಕಾಡುಗಳೇ ಕಾರಣವೆಂದು ನಾವು ನಂಬಿದ್ದೇವೆ. ರಸ್ತೆ ಅಗಲವಾಗಿ, ಮರಗಳು ಉರುಳಿದರೆ ವೈದ್ಯರು ಹತ್ತಿರವಾಗುತ್ತಾರೆಂದು ನಮಗೆ ಹೇಳುವವರೂ ಇದ್ದಾರೆ. ಹಾಗಾದರೆ ಕಣ್ಣು ಹಾಯುವವರೆಗೂ ಸಮತಟ್ಟಾಗಿರುವ ವಿಜಯಪುರ ಜಿಲ್ಲೆಯಲ್ಲಿ ಆಸ್ಪತ್ರೆ ಅಂಗಳದಲ್ಲೇ ಇರಬೇಕಾಗಿತ್ತು. ಅಲ್ಲಿ ಘಟ್ಟವಿಲ್ಲ, ದಟ್ಟ ಅಡವಿಯಿಲ್ಲ. ದೂರ ಮಾತ್ರ ಇದ್ದೇ ಇದೆ.

ಆ ಜಿಲ್ಲೆಯ ವಿಸ್ತೀರ್ಣ ಸುಮಾರು 10,500 ಚದರ ಕಿಲೋಮೀಟರ್. 2011ರ ಜನಗಣತಿಯಂತೆ ಜನಸಂಖ್ಯೆ 21.77 ಲಕ್ಷ, ನಾಲ್ವರಲ್ಲಿ ಮೂವರು ಹಳ್ಳಿಯವರು. ತಾಲ್ಲೂಕು ಆಸ್ಪತ್ರೆಯಲ್ಲಿ ಸಿಗದ ಚಿಕಿತ್ಸೆಗೆ ವಿಜಯಪುರವನ್ನೇ ಸೇರಬೇಕು. ಇಂಡಿಯ ಕಡೆಯವರು ಸೊಲ್ಲಾಪುರಕ್ಕೂ ಹೋಗುತ್ತಾರೆ. ವಿಜಯಪುರಕ್ಕೆ ಬಸವನ ಬಾಗೇವಾಡಿಯಿಂದ ಸುಮಾರು 45, ಇಂಡಿಯಿಂದ 55, ಸಿಂದಗಿಯಿಂದ 60, ಮುದ್ದೇಬಿಹಾಳದಿಂದ 80 ಕಿಲೋಮೀಟರ್. ಇದು ತಾಲ್ಲೂಕು ಕೇಂದ್ರದಿಂದ ಹಾಕಿದ ಲೆಕ್ಕ. ಹಳ್ಳಿಯಿಂದ ಆ ಕೇಂದ್ರದವರೆಗಿನ ಹಾದಿ ಇದರಲ್ಲಿ ಸೇರಿಲ್ಲ.

ರೈಲಿನ ಕಥೆಯನ್ನು ಕೇಳಿ. 1876-78ರ ಭೀಕರ ಬರಗಾಲದ ನಂತರ, ಕ್ಷಾಮದ ಕಾಲದಲ್ಲಿ ಧಾನ್ಯ ಸಾಗಿಸುವ ಉದ್ದೇಶದಿಂದ ನಿರ್ಮಿಸಿದ ಹೋಟಗಿ-ಗದಗ ರೈಲುಮಾರ್ಗ 1884ರಲ್ಲಿ ಆರಂಭವಾಯಿತು. ಆ ಮಾರ್ಗದಲ್ಲಿ ‘ಇಂಡಿ ರೋಡ್’, ‘ಬಸವನ ಬಾಗೇವಾಡಿ ರೋಡ್’ ಎಂಬ ನಿಲ್ದಾಣಗಳಿವೆ. ಹೆಸರಿನ ಕೊನೆಯ ‘ರೋಡ್’ ಎಂಬ ಪದದ ಅರ್ಥವಿಷ್ಟೆ: ಊರು ಇಲ್ಲಿಲ್ಲ, ಇಲ್ಲಿಂದ ಮುಂದೆ ರಸ್ತೆ ಹಿಡಿಯಿರಿ. ಸಿಂದಗಿ ಮತ್ತು ಮುದ್ದೇಬಿಹಾಳ ಪಟ್ಟಣಗಳಿಗಂತೂ ರೈಲೇ ಇಲ್ಲ. ಹೀಗಾಗಿ ಬಡ ರೋಗಿಗೆ ಬಸ್ಸೇ ಗತಿ.

ಇನ್ನು ನನ್ನ ವಿಷಯವಾದ ಮಣ್ಣು. ಡೋಣಿ ನದಿಯ ದಂಡೆಯ ಎರೆಭೂಮಿ ಬಿಳಿಜೋಳಕ್ಕೆ ಹೆಸರಾದುದು. ಆ ಮಣ್ಣಿನಲ್ಲಿ ಜಿಗುಟಿನ ಅಂಶ ಬಹಳ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ. ತೇವವನ್ನು ತಿಂಗಳುಗಟ್ಟಲೆ ಹಿಡಿದಿಟ್ಟುಕೊಳ್ಳುವ ಈ ಗುಣದಿಂದಲೇ ಮಳೆ ನಿಂತ ಮೇಲೂ ಜೋಳ ತೆನೆಗಟ್ಟುತ್ತದೆ. ಆದರೆ ಬೆಳೆಗೆ ವರವಾದ ಗುಣವೇ ದಾರಿಗೆ ಶಾಪ. ಸೆಪ್ಟೆಂಬರ್ ತಿಂಗಳಲ್ಲಿ ಎರಡು ದೊಡ್ಡ ಮಳೆ ಬಿದ್ದರೆ ಸಾಕು, ಕಚ್ಚಾ ರಸ್ತೆಯ ಮಣ್ಣು ಗಾಲಿಗೆ ಮೆತ್ತಿಕೊಂಡು ಬಂಡಿಯೂ ಮುಂದೆ ಸಾಗುವುದಿಲ್ಲ. ಡಾಂಬರು ಹಾಕಿದರೂ ಕೆಳಗಿನ ನೆಲ ಉಬ್ಬಿ ಕುಗ್ಗಿ ರಸ್ತೆಯನ್ನು ಒಡೆಯುತ್ತದೆ. ಡೋಣಿ ಉಕ್ಕಿದರಂತೂ ದಡದ ಊರುಗಳು ದ್ವೀಪಗಳಾಗುತ್ತವೆ.

ದ್ವೀಪವೆಂದರೆ ಏನೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1964ರ ಲಿಂಗನಮಕ್ಕಿ ಅಣೆಕಟ್ಟಿನಿಂದ ಶರಾವತಿಯ ಹಿನ್ನೀರಿನಾಚೆ ಉಳಿದವರು, ರಾತ್ರಿ ಲಾಂಚ್ ಇಲ್ಲದೆ ರೋಗಿಯನ್ನು ಮಲಗಿಸಿಕೊಂಡು ಬೆಳಕಿಗಾಗಿ ಕಾದವರು. ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ತೆರೆದದ್ದು 2025ರ ಜುಲೈನಲ್ಲಿ. ನೀರಿನಿಂದಾಗಲಿ, ಕೆಸರಿನಿಂದಾಗಲಿ, ದಾರಿ ಕಡಿದವರ ಸಂಕಟ ಒಂದೇ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಆಸ್ಪತ್ರೆಯ ಪ್ರಯಾಣದಲ್ಲಿ ಎರಡು ವಿಧಗಳಿವೆ. ಒಂದು ಆಪತ್ತಿನದು, ಇನ್ನೊಂದು ಪಾಳಿಯದು. ಆಪತ್ತಿಗೆ 2008ರ ನವೆಂಬರ್ 1ರಿಂದ 108 ಆಂಬ್ಯುಲೆನ್ಸ್ ಇದೆ. ಹೆರಿಗೆಗೆ, 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಮನೆಯಿಂದ ಆಸ್ಪತ್ರೆಗೆ, ಆಸ್ಪತ್ರೆಯಿಂದ ಮನೆಗೆ ಉಚಿತ ಸಾಗಣೆಯ ಹಕ್ಕಿದೆ. ಇವು ಎಷ್ಟೋ ಜೀವಗಳನ್ನು ಉಳಿಸಿವೆ. ಆದರೆ ವೈದ್ಯರು “ಮುಂದಿನ ತಿಂಗಳು ಮತ್ತೆ ಬನ್ನಿ” ಎಂದು ಚೀಟಿಯಲ್ಲಿ ಬರೆದುಕೊಟ್ಟವರನ್ನು 108 ಕರೆದೊಯ್ಯುವುದಿಲ್ಲ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕ್ಷಯ, ಮೂತ್ರಪಿಂಡದ ತೊಂದರೆ, ಕಣ್ಣಿನ ಶಸ್ತ್ರಚಿಕಿತ್ಸೆಯ ನಂತರದ ತಪಾಸಣೆ ಇವೆಲ್ಲ ಪಾಳಿಯ ಪ್ರಯಾಣಗಳು. ಪಾಳಿ ತಪ್ಪಿಸಿದವನು ಒಂದು ದಿನ ಆಪತ್ತಿನ ಪ್ರಯಾಣಿಕನಾಗುತ್ತಾನೆ.

ಸಕ್ಕರೆ ಪರೀಕ್ಷೆಯ ಒಂದು ದಿನವನ್ನು ಲೆಕ್ಕ ಹಾಕಿ ನೋಡಿ. ಖಾಲಿ ಹೊಟ್ಟೆಯಲ್ಲಿ ಒಮ್ಮೆ, ಊಟವಾಗಿ ಎರಡು ಗಂಟೆಯ ಮೇಲೆ ಇನ್ನೊಮ್ಮೆ ರಕ್ತ ಕೊಡಬೇಕು. ಊರಿನ ಮೊದಲ ಬಸ್ಸು 9 ಗಂಟೆಗೆ ಹೊರಟರೆ ಆಸ್ಪತ್ರೆಯ ಸರದಿಯಲ್ಲಿ ನಿಲ್ಲುವಾಗ ಹತ್ತೂವರೆ. ಎರಡನೆಯ ರಕ್ತ ಕೊಡುವಾಗ ಒಂದೂವರೆ. ವರದಿ ಕೈಗೆ ಬಂದು ವೈದ್ಯರನ್ನು ಕಾಣುವಷ್ಟರಲ್ಲಿ ಊರಿನ ಕೊನೆಯ ಬಸ್ಸು ಹೊರಡುವ ಹೊತ್ತು. ವರದಿ ತೋರಿಸಲು ಇನ್ನೊಂದು ದಿನದ ಕೂಲಿ ಬಿಡಬೇಕು. ಜೊತೆಗೆ ಬಂದವರ ಕೂಲಿಯೂ ಹೋಗುತ್ತದೆ. ಔಷಧ ಉಚಿತವಾದರೂ ದಾರಿ ಉಚಿತವಲ್ಲ.

ಸಿಂದಗಿ ತಾಲ್ಲೂಕಿನ ವಸ್ತಿ ಬಸ್ಸಿನಲ್ಲಿ ಒಬ್ಬ ಹಿರಿಯ ತಾಯಿ ಪತಿಯೊಡನೆ ನನ್ನ ಪಕ್ಕದಲ್ಲಿ ಕುಳಿತಿದ್ದರು. ನಾವು ರಾತ್ರಿ ಹಾಲ್ಟಿಂಗ್ ಬಸ್ಸೆನ್ನುವುದನ್ನು ಅಲ್ಲಿ ವಸ್ತಿ ಬಸ್ಸೆನ್ನುತ್ತಾರೆ. ರಾತ್ರಿ ಊರಲ್ಲಿ ತಂಗಿ ನಸುಕಿನಲ್ಲಿ ಹೊರಡುವ ಬಸ್ಸು. ಪತಿಗೆ ವಾರಕ್ಕೆರಡು ಬಾರಿ ಡಯಾಲಿಸಿಸ್. ಒಮ್ಮೆ ಮಲಗಿಸಿದರೆ ಸುಮಾರು ನಾಲ್ಕು ಗಂಟೆ. ಹಿಂದಿನ ವಾರ ಮಳೆಯಿಂದ ಬಸ್ಸು ಊರೊಳಗೆ ಬಂದಿರಲಿಲ್ಲ. ಬಂಡಿಯಲ್ಲಿ ಕ್ರಾಸಿನವರೆಗೆ ಬರುವಷ್ಟರಲ್ಲಿ ಬಸ್ಸು ಹೋಗಿತ್ತು. ಒಂದು ಪಾಳಿ ತಪ್ಪಿತು. ಅವರ ಪತಿಯ ಪಾದಗಳು ಬಾತುಕೊಂಡಿದ್ದವು. ಆ ತಾಯಿ ಹೇಳಿದರು: “ತಮ್ಮಾ, ಬ್ಯಾನಿಗಿ ಗುಳಗಿ ಐತಿ. ಬಸ್ ತಪ್ಪಿದ್ರ ಅದಕ್ಕೆಲ್ಲಿ ಗುಳಗಿ ತರೂದು?” ನನ್ನ ಬಳಿ ಉತ್ತರವಿರಲಿಲ್ಲ.

2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಮಹಿಳೆಯರಿಗೆ ರಾಜ್ಯದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಯಿತು. ಮನೆಯಲ್ಲಿ ಹಣ ಕೇಳಲು ಸಂಕೋಚಪಟ್ಟು ನೋವು ನುಂಗಿಕೊಳ್ಳುತ್ತಿದ್ದ ತಾಯಂದಿರಿಗೆ ಇದು ಸಣ್ಣ ವಿಷಯವಲ್ಲ. ಆದರೆ ಬಸ್ಸೇ ಬಾರದ ಊರಿನಲ್ಲಿ ಉಚಿತ ಟಿಕೆಟ್ ಯಾವ ಕೆಲಸಕ್ಕೆ? ಟಂಟಂ, ಕ್ರೂಸರ್‌ಗಳಿಗೆ ಹಣ ಕೊಡಲೇಬೇಕು.

“ಪ್ರತಿ ಮನೆಗೊಂದು ವಾಹನವಾದರೆ ಸಮಸ್ಯೆ ತೀರಿತಲ್ಲ?” ಎಂದು ವಿದ್ಯಾರ್ಥಿಗಳು ಕೇಳಬಹುದು. ಡಯಾಲಿಸಿಸ್ ಮುಗಿಸಿ ಸುಸ್ತಾದವನು, ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡವನು ವಾಹನ ನಡೆಸುವುದು ಹೇಗೆ? ಮಳೆಯನ್ನೇ ನಂಬಿದ ರೈತ ಅದರ ಸಾಲ ತೀರಿಸುವುದು ಹೇಗೆ? ಇಂಡಿಯ ನಿಂಬೆಗೆ 2023ರಲ್ಲಿ ಭೌಗೋಳಿಕ ಗುರುತು ದೊರೆಯಿತು. ಹಣ್ಣು ದೂರದ ಪೇಟೆಗಳಿಗೆ ಲಾರಿಯಲ್ಲಿ ಹೊತ್ತಿಗೆ ಸರಿಯಾಗಿ ತಲುಪುತ್ತದೆ. ಅದನ್ನು ಬೆಳೆದವನು ಮಾತ್ರ ಹೊತ್ತಿಗೆ ಸರಿಯಾಗಿ ವೈದ್ಯರನ್ನು ತಲುಪುವುದಿಲ್ಲ. ಐವತ್ತು ಜನರನ್ನು ಹೊತ್ತ ಒಂದು ಬಸ್ಸು ಸುಡುವ ಎಣ್ಣೆಯೂ, ಬೇಡುವ ರಸ್ತೆಯೂ ಐವತ್ತು ವಾಹನಗಳಿಗಿಂತ ಎಷ್ಟೋ ಕಡಿಮೆ. ಆದುದರಿಂದ ಬಸ್ಸನ್ನು ಕೇಳುವುದು ಆರೋಗ್ಯದ ಬೇಡಿಕೆಯೂ ಹೌದು, ಪರಿಸರದ ಬೇಡಿಕೆಯೂ ಹೌದು.

ಹಾಗಾದರೆ ನಾವು ಮಾಡಬೇಕಾದುದೇನು? ಮೊದಲನೆಯದು, ಊರಿನ ಮೊದಲ ಮತ್ತು ಕೊನೆಯ ಬಸ್ಸಿನ ವೇಳೆಯನ್ನು ಆಸ್ಪತ್ರೆಯ ಹೊರರೋಗಿ ವಿಭಾಗದ ವೇಳೆಯೊಡನೆ ಹೋಲಿಸಿ ಬರೆಯಿರಿ. ಇದು ವಿದ್ಯಾರ್ಥಿಗಳ ಕೆಲಸ. ಒಂದು ನೋಟ್‌ಪುಸ್ತಕ ಸಾಕು. ಎರಡನೆಯದು, ಆ ಪಟ್ಟಿಯನ್ನು ಗ್ರಾಮಸಭೆಯ ಠರಾವಿನೊಂದಿಗೆ ಡಿಪೋ ವ್ಯವಸ್ಥಾಪಕರಿಗೆ ಕೊಡಿ. “ಬಸ್ಸು ಬೇಕು” ಎಂಬ ಅರ್ಜಿಗಿಂತ “ಈ ಬಸ್ಸು ಒಂದು ಗಂಟೆ ಮೊದಲು ಹೊರಟರೆ ಇಷ್ಟು ರೋಗಿಗಳಿಗೆ ಅನುಕೂಲ” ಎಂಬ ಅರ್ಜಿಗೆ ತೂಕ ಹೆಚ್ಚು. ಮೂರನೆಯದು, ಆಶಾ ಕಾರ್ಯಕರ್ತೆಯರ ನೆರವಿನಿಂದ ಒಂದೇ ಊರಿನ ರೋಗಿಗಳ ಪಾಳಿ ಒಂದೇ ದಿನ ಬರುವಂತೆ ಕೇಳಿಕೊಳ್ಳಿ. ಗರ್ಭಿಣಿಯರ ತಪಾಸಣೆಗೆ 2016ರಿಂದ ಪ್ರತಿ ತಿಂಗಳ 9ನೆಯ ತಾರೀಕು ಗೊತ್ತಾಗಿರುವಂತೆ ಉಳಿದವರಿಗೂ ದಿನ ಗೊತ್ತಾಗಲಿ. ನಾಲ್ಕನೆಯದು, ಚೀಟಿ ಬರೆಸುವಾಗಲೇ ನಿಮ್ಮ ಕೊನೆಯ ಬಸ್ಸಿನ ಹೊತ್ತನ್ನು ವೈದ್ಯರಿಗೆ ತಿಳಿಸಿ. ಸಂಕೋಚ ಬೇಡ, ಅದೂ ರೋಗದ ವಿವರವೇ.

ಕಾಯಕ, ದಾಸೋಹಗಳನ್ನು ಸಾರಿದ ಬಸವಣ್ಣನವರು ಹುಟ್ಟಿದ ನೆಲ ಬಾಗೇವಾಡಿ. ನಡೆಯಲಾರದವನನ್ನು ವೈದ್ಯರವರೆಗೆ ತಲುಪಿಸುವುದು ನಮ್ಮ ಕಾಲದ ದಾಸೋಹವೆಂದು ನಾನು ತಿಳಿದಿದ್ದೇನೆ. ಬಯಲಿನಲ್ಲಾಗಲಿ ಮಲೆಯಲ್ಲಾಗಲಿ, ನಸುಕಿನಲ್ಲಿ ಹೊರಡುವ ಒಂದು ಬಸ್ಸು ಊರಿನ ಅರ್ಧ ದವಾಖಾನೆ. ಅದನ್ನು ಕೇಳಿ ಪಡೆಯೋಣ, ಪಡೆದದ್ದನ್ನು ಉಳಿಸಿಕೊಳ್ಳೋಣ.