ಹೊರದೇಶಕ್ಕೆ ಹೋಗೋ ಮುಂಚೆ ಊರಿನ ಲೆಕ್ಕವನ್ನೂ ಹಾಕೋಣ

(ಹಿಂದೂಪುರ, ಕಲ್ಯಾಣದುರ್ಗ ಭಾಗದ ಕನ್ನಡ ಯುವಜನರೆದುರು ಆಡಿದ ಮಾತುಗಳು)



"ಅಣ್ಣಾ, ಹೊರದೇಶಕ್ಕೆ ಹೋಗಲಾ, ಇಲ್ಲೇ ಇರಲಾ?" ಅಂತ ನಿಮ್ಮಲ್ಲಿ ಬಹಳ ಜನ ಕೇಳ್ತೀರಿ. ಹೋಗಬೇಡಿ ಅಂತ ಹೇಳೋಕೆ ನಾನು ಇಲ್ಲಿ ನಿಂತಿಲ್ಲ. ಅನಂತಪುರದ ಮಳೆ ನಂಬಿ ಕಡ್ಲೆಕಾಯಿ ಬಿತ್ತಿದ ಮನೆಯವರಿಗೆ ಹಾಗೆ ಹೇಳೋ ಹಕ್ಕು ಯಾರಿಗೂ ಇಲ್ಲ. ಕಡಪ, ರಾಯಚೋಟಿ ಕಡೆಯವರಿಗೆ ಕುವೈತ್ ದಾರಿ ಎಷ್ಟೋ ವರ್ಷದಿಂದ ಗೊತ್ತು. ಹಾಗೆ ದುಡಿದು ಸಾಲ ತೀರಿಸಿದವರು, ತಂಗಿ ಮದುವೆ ಮಾಡಿದವರು, ಮನೆ ಕಟ್ಟಿದವರು ಇದ್ದಾರೆ. ಅದು ಸಣ್ಣ ಮಾತಲ್ಲ.

ಆದ್ರೆ ಸಾಲ ತೀರಿಸೋಕೆ ಹೋಗಿ ಸಾಲ ಮಾಡ್ಕೊಂಡು ಬಂದವರೂ ಇದ್ದಾರೆ. ಹತ್ತನೇ ತರಗತಿ ಪಾಸಾಗದವರು ಕುವೈತ್, ಸೌದಿಯಂಥ ದೇಶಗಳಿಗೆ ಕೆಲಸಕ್ಕೆ ಹೋಗೋ ಮುಂಚೆ ಎಮಿಗ್ರೇಷನ್ ಕ್ಲಿಯರೆನ್ಸ್ ಪಡೀಲೇಬೇಕು. ನೋಂದಣಿ ಇರೋ ಏಜೆಂಟ್ ತಗೋಬಹುದಾದ ಸೇವಾ ಶುಲ್ಕ 30,000 ರೂಪಾಯಿ, ಮೇಲೆ ಜಿಎಸ್‌ಟಿ. ಅಷ್ಟೇ. ಏಜೆಂಟ್ ಹೆಸರು ಇ-ಮೈಗ್ರೇಟ್ ಜಾಲತಾಣದಲ್ಲಿ ಇದೆಯಾ ನೋಡಿ. ವಿಸಿಟ್ ವೀಸಾದಲ್ಲಿ ಕಳಿಸ್ತೀನಿ, ಅಲ್ಲಿ ಹೋದ್ಮೇಲೆ ಕೆಲಸ ಕೊಡಿಸ್ತೀನಿ ಅಂದ್ರೆ ಎದ್ದು ಬನ್ನಿ. ಪಾಸ್‌ಪೋರ್ಟ್, ವೀಸಾ, ಕರಾರು ಪತ್ರದ ಜೆರಾಕ್ಸ್ ಮನೇಲಿ ಇಟ್ಟು ಹೋಗಿ.

ಇದು ಎಲ್ಲರಿಗೂ ಹೇಳೋ ಮಾತು. ಗಡಿ ಕನ್ನಡಿಗರಾದ ನಮಗೆ ಇನ್ನೊಂದು ಲೆಕ್ಕ ಇದೆ.

1953ರ ಅಕ್ಟೋಬರ್ 1ಕ್ಕೆ ಆಂಧ್ರ ರಾಜ್ಯ ಆಯ್ತು. ಬಳ್ಳಾರಿ ಮೈಸೂರಿಗೆ ಸೇರಿತು, ಅನಂತಪುರ ಆಂಧ್ರದಲ್ಲಿ ಉಳೀತು. ನಮ್ಮ ಅಜ್ಜಂದಿರು ಎಲ್ಲಿಗೂ ಹೋಗಲಿಲ್ಲ. ಕೂತ ಜಾಗದಲ್ಲೇ ಅಲ್ಪಸಂಖ್ಯಾತರಾದರು. ಅಲ್ಪಸಂಖ್ಯಾತರ ಸೌಲಭ್ಯ ನಿಂತಿರೋದು ತಲೆ ಎಣಿಕೆ ಮೇಲೆ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯೋ ಅನುಕೂಲ ಇರಬೇಕು ಅಂತ ಸಂವಿಧಾನದ 350ಎ ವಿಧಿ ಹೇಳುತ್ತೆ. ಆದ್ರೆ ಎಷ್ಟು ಮಕ್ಕಳಿದ್ದರೆ ಮೇಷ್ಟ್ರು? 1949ರ ಶಿಕ್ಷಣ ಮಂತ್ರಿಗಳ ಸಮ್ಮೇಳನ ಒಪ್ಪಿದ ಸೂತ್ರ: ಶಾಲೆಯಲ್ಲಿ 40, ಇಲ್ಲಾಂದ್ರೆ ಒಂದು ತರಗತಿಯಲ್ಲಿ 10.

ಈಗ ಶಾಲೆಯಲ್ಲಿ 41 ಮಕ್ಕಳಿದ್ದಾರೆ ಅಂದ್ಕೊಳ್ಳಿ. ಇಬ್ಬರು ಮಕ್ಕಳಿರೋ ಒಂದು ಮನೆ ಹೊರಟರೆ 39. ಬಹುಸಂಖ್ಯಾತರ ಶಾಲೆಗೆ ಒಂದು ಮನೆ ಹೋದ್ರೆ ಏನೂ ಆಗಲ್ಲ. ನಮ್ಮ ಶಾಲೆಯಲ್ಲಿ ಮೇಷ್ಟ್ರ ಹುದ್ದೆಯೇ ಅಲ್ಲಾಡುತ್ತೆ. ಊರಲ್ಲೇ ಇದ್ದು ಮಕ್ಕಳನ್ನ ಕನ್ನಡ ಶಾಲೆ ಬಿಡಿಸಿದ್ರೂ ಲೆಕ್ಕ ಅದೇ. ಅದಕ್ಕೇ ಹೋದವರನ್ನಷ್ಟೇ ದೂರೋದು ನ್ಯಾಯ ಅಲ್ಲ.

ದುಬೈನಲ್ಲಿ ಕನ್ನಡಿಗರು ತಾವೇ ಸೇರಿ ಕನ್ನಡ ಪಾಠಶಾಲೆ ನಡೆಸ್ತಿದ್ದಾರೆ. ರಜೆ ದಿನ ಮಕ್ಕಳನ್ನ ಕೂರಿಸಿ ಅಕ್ಷರ ತಿದ್ದಿಸ್ತಾರೆ. ಅಲ್ಲಿ ಕಟ್ಟಿಕೊಳ್ಳಬೇಕಾದ ಶಾಲೆ ನಮಗೆ ಊರಲ್ಲೇ ಇದೆ. ಅದನ್ನ ಖಾಲಿ ಬಿಡೋದಾ?

ಹೋಗೋರಿಗೆ ಎರಡೇ ಮಾತು. ಹೆಂಡತಿ ಮಕ್ಕಳು ಊರಲ್ಲೇ ಇರೋದಾದ್ರೆ ಮಕ್ಕಳು ಕನ್ನಡ ಶಾಲೆಯಲ್ಲೇ ಇರಲಿ. ಇನ್ನೊಂದು, 2011ರ ನಂತರ ಆಗದೇ ಉಳಿದ ಜನಗಣತಿಗೆ 2027ರ ಮಾರ್ಚ್ 1 ಅಂತ ದಿನ ಗೊತ್ತಾಗಿದೆ. ಹೊರದೇಶದಲ್ಲಿ ನೆಲೆಸಿದವರು ಆ ಲೆಕ್ಕಕ್ಕೆ ಬರಲ್ಲ. ಮನೇಲಿರೋ ಅಪ್ಪ ಅಮ್ಮನಿಗೆ ಫೋನ್ ಮಾಡಿ ಹೇಳಿ: ಮಾತೃಭಾಷೆ ಅಂತ ಕೇಳಿದ್ರೆ ಕನ್ನಡ ಅಂತಲೇ ಬರೆಸಬೇಕು. ಗೊತ್ತಿರೋ ಬೇರೆ ಭಾಷೆ ಯಾವುದು ಅಂದ್ರೆ ತೆಲುಗು ಅನ್ನಲಿ, ಅದೂ ನಮ್ಮದೇ.

ಹೋಗಿ, ದುಡೀರಿ, ಚೆನ್ನಾಗಿರಿ. ವಾಪಸ್ ಬಂದಾಗ ನಿಮ್ಮ ಮಗು ಓದೋಕೆ ಊರಲ್ಲಿ ಒಂದು ಕನ್ನಡ ಶಾಲೆ ಇರಬೇಕಲ್ಲ? ಅದನ್ನ ಇಲ್ಲಿ ಉಳಿದೋರು, ಅಲ್ಲಿ ಹೋದೋರು ಸೇರಿಯೇ ಉಳಿಸ್ಕೋಬೇಕು.

ಸಿರಿಗನ್ನಡಂ ಗೆಲ್ಗೆ!